ಹೊಸ ಸಾಮಾನಿಗೆ ಡಿಸ್ಟ್ರಿಬ್ಯೂಟರ್ ಬೇಕೆ? ಹುಡುಕುವ ಮುಂಚೆ, ಹುಡುಕುವಾಗ, ಸಿಕ್ಕಿದ ಮೇಲೆ ಮಾಡಬೇಕಾದ ಕೆಲಸಗಳು

ಸಾಮಾನು ತಯಾರಾಗಿದೆ. ಪ್ಯಾಕಿಂಗ್ ಚೆನ್ನಾಗಿ ಬಂದಿದೆ. ನೋಡಿದವರೆಲ್ಲ ಮೆಚ್ಚಿದ್ದಾರೆ. ಇನ್ನು ಒಬ್ಬ ಒಳ್ಳೆಯ ಡಿಸ್ಟ್ರಿಬ್ಯೂಟರ್ ಸಿಕ್ಕಿಬಿಟ್ಟರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ ಅಂತ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ನಾನು ಮಾಡಿದ್ದು ಬಾಟಲಿ ತೊಳೆಯುವ ಬ್ರಶ್. ಕತ್ತು ಕಿರಿದಾದ ಬಾಟಲಿಯೊಳಗೆ ಹೋಗಿ, ಬಾಗಿ, ತಳದ ಮೂಲೆಯನ್ನೂ ಉಜ್ಜುವಂಥದ್ದು. ಒಬ್ಬ ವಿತರಕರು ಮೊದಲ ಭೇಟಿಯಲ್ಲೇ ಹತ್ತು ಕಾರ್ಟನ್ ತೆಗೆದುಕೊಂಡರು. ಅವತ್ತು ಗೆದ್ದೆ ಅಂದುಕೊಂಡೆ. ಮೂರು ತಿಂಗಳು ಕಳೆದರೂ ಎರಡನೇ ಆರ್ಡರ್ ಬರಲಿಲ್ಲ. ಗೋದಾಮಿಗೆ ಹೋಗಿ ನೋಡಿದೆ. ಹಿಂದಿನ ಗೋಡೆಯ ಪಕ್ಕ, ಬೇರೆಯವರ ಪೆಟ್ಟಿಗೆಗಳ ಕೆಳಗೆ ನನ್ನ ಕಾರ್ಟನ್‌ಗಳಿದ್ದವು. ಒಂಬತ್ತರ ಮೇಲಿನ ಟೇಪು ನಾನು ಅಂಟಿಸಿದ ಹಾಗೇ ಇತ್ತು. ಒಂದನ್ನು ಮಾತ್ರ ಬಿಚ್ಚಿದ್ದರು. ಅದರಲ್ಲೂ ಮುಕ್ಕಾಲು ಭಾಗ ಹಾಗೇ ಉಳಿದಿತ್ತು.

ಅವರು ಮೋಸ ಮಾಡಿರಲಿಲ್ಲ. ಅವರ ಸೇಲ್ಸ್‌ನವರ ಪಟ್ಟಿಯಲ್ಲಿ ನೂರಾರು ಐಟಂ ಇದ್ದವು. ಅಂಗಡಿಯವರು ಕೇಳಿದ್ದನ್ನು ಅವರು ಕೊಡುತ್ತಿದ್ದರು. ನನ್ನ ಬ್ರಶ್ಶನ್ನು ಯಾರೂ ಕೇಳುತ್ತಿರಲಿಲ್ಲ, ಅಷ್ಟೆ. ವಿತರಕರು ಇರುವ ಬೇಡಿಕೆಗೆ ಸಾಮಾನು ಮುಟ್ಟಿಸುತ್ತಾರೆ. ಬೇಡಿಕೆ ಹುಟ್ಟಿಸುವುದು ಮಾಡಿದವರ ಕೆಲಸ. ಇದು ತಡವಾಗಿ ಅರ್ಥವಾಯಿತು. ಮುಂದೆ ಬರೆದಿರುವ ಹಂತಗಳೆಲ್ಲ ಈ ಪಾಠದಿಂದಲೇ ಹುಟ್ಟಿದವು.

ಮೊದಲ ಹಂತ: ನೀವೇ ಮಾರಿ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಫಿಲ್ ನೈಟ್ 1964ರಲ್ಲಿ ಬಿಲ್ ಬೋವರ್‌ಮನ್ ಜೊತೆ ಸೇರಿ ಬ್ಲೂ ರಿಬ್ಬನ್ ಸ್ಪೋರ್ಟ್ಸ್ ಶುರು ಮಾಡಿದಾಗ, ಜಪಾನಿನ ಓಟದ ಶೂಗಳನ್ನು ಕಾರಿನಲ್ಲಿ ತುಂಬಿಕೊಂಡು ಓಟದ ಸ್ಪರ್ಧೆ ನಡೆಯುವ ಮೈದಾನಗಳಿಗೇ ಹೋಗಿ ಮಾರುತ್ತಿದ್ದರು. ಅದೇ ಕಂಪನಿ ಮುಂದೆ ನೈಕಿ ಆಯಿತು. ಓಡುವವರು ಎಲ್ಲಿ ಸೇರುತ್ತಾರೋ ಅಲ್ಲಿಗೆ ಶೂ ಹೋಯಿತು. ನಿಮ್ಮ ಸಾಮಾನು ಬೇಕಾದವರು ಎಲ್ಲಿ ಸೇರುತ್ತಾರೆ? ಮೊದಲ ಐವತ್ತು ಪೀಸು ಅಲ್ಲಿ, ನಿಮ್ಮ ಕೈಯಿಂದಲೇ ಹೋಗಲಿ.

ಆಮೇಲೆ ಎಂಟರಿಂದ ಹತ್ತು ಅಂಗಡಿ ಆರಿಸಿಕೊಳ್ಳಿ. ಎಲ್ಲವೂ ಒಂದೇ ಬಗೆಯವು ಬೇಡ. ದೊಡ್ಡದು, ಚಿಕ್ಕದು, ಜನ ಜಾಸ್ತಿ ಬರುವುದು, ಕಡಿಮೆ ಬರುವುದು, ಎಲ್ಲ ಇರಲಿ. ನೀವೇ ಸಾಮಾನು ಕೊಟ್ಟು, ನೀವೇ ಬಿಲ್ ಮಾಡಿ, ನೀವೇ ಹೋಗಿ ಹಣ ವಸೂಲಿ ಮಾಡಿ. ಹನ್ನೆರಡು ವಾರ ಹೀಗೆ ನಡೆಸಿ.

ವಾರಕ್ಕೆ ಒಂದು ಸಲವಾದರೂ ಯಾವುದಾದರೂ ಅಂಗಡಿಯಲ್ಲಿ ಒಂದು ಗಂಟೆ ನಿಲ್ಲಿ. ಗಿರಾಕಿಯ ಕೈ ನೋಡಿ. ನನ್ನ ಬ್ರಶ್ಶನ್ನು ಒಬ್ಬರು ಎತ್ತಿಕೊಂಡರು, ತಿರುಗಿಸಿದರು, ತುದಿಯನ್ನು ಬೆರಳಿಂದ ಒತ್ತಿ ನೋಡಲು ಹೋದರು. ಪ್ಲಾಸ್ಟಿಕ್ ಕವರ್ ಅಡ್ಡ ಬಂತು. ವಾಪಸ್ ಇಟ್ಟು ಹೋದರು. ಇನ್ನೊಬ್ಬರೂ ಅದನ್ನೇ ಮಾಡಿದರು. ಬಾಗುವುದೇ ಅದರ ಗುಣ. ಬಾಗುತ್ತದೋ ಇಲ್ಲವೋ ಅಂತ ನೋಡಲು ನಾನೇ ಬಿಟ್ಟಿರಲಿಲ್ಲ! ತುದಿ ಹೊರಗೆ ಕಾಣುವ ಹಾಗೆ ಕವರ್ ಕತ್ತರಿಸಿ ಕೊಟ್ಟ ಮೇಲೆ ಅದೇ ಅಂಗಡಿಯಲ್ಲಿ ಮಾರಾಟ ಚುರುಕಾಯಿತು. ಇಂಥದ್ದನ್ನು ಯಾವ ವಿತರಕರೂ ನಿಮಗೆ ಫೋನ್ ಮಾಡಿ ಹೇಳುವುದಿಲ್ಲ.

ಮೊದಲ ಸಲ ಸೋತರೆ ಗಾಬರಿ ಬೇಡ. 3ಎಂ ಕಂಪನಿಯ ಅಂಟುಚೀಟಿ, ಈಗ ಎಲ್ಲರಿಗೂ ಗೊತ್ತಿರುವ ಪೋಸ್ಟ್-ಇಟ್, 1977ರಲ್ಲಿ ಅಮೆರಿಕದ ನಾಲ್ಕು ಊರುಗಳಲ್ಲಿ ಬೇರೆ ಹೆಸರಿನಲ್ಲಿ ಪರೀಕ್ಷೆಗೆ ಬಂದಾಗ ಸರಿಯಾಗಿ ಹೋಗಲಿಲ್ಲ. ಮಾರನೇ ವರ್ಷ ಬೋಯ್ಸಿ ಎಂಬ ಊರಿನಲ್ಲಿ ಸ್ಯಾಂಪಲ್‌ಗಳನ್ನು ಪುಕ್ಕಟೆ ಹಂಚಿದರು. ಬಳಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ದುಡ್ಡು ಕೊಟ್ಟು ಕೊಳ್ಳುತ್ತೇವೆ ಅಂದರು. 1980ರಲ್ಲಿ ಅದು ಅಮೆರಿಕದ ಎಲ್ಲ ಕಡೆ ಮಾರಾಟಕ್ಕೆ ಬಂತು. ಸಾಮಾನು ಅದೇ. ಜನರ ಕೈಗೆ ಹೋದ ರೀತಿ ಮಾತ್ರ ಬದಲಾಗಿತ್ತು.

ಹನ್ನೆರಡು ವಾರ ಆದಮೇಲೆ ಒಂದು ಅಂಕಿ ತೆಗೆಯಿರಿ: ಒಂದು ಅಂಗಡಿಯಲ್ಲಿ ಒಂದು ವಾರಕ್ಕೆ ಎಷ್ಟು ಹೋಗುತ್ತದೆ? ಎಂಟು ಅಂಗಡಿ, ಹನ್ನೆರಡು ವಾರ, ಒಟ್ಟು 288 ಪೀಸು ಗಿರಾಕಿಗಳ ಕೈಗೆ ಹೋಗಿದ್ದರೆ, ಅಂಗಡಿಗೆ ವಾರಕ್ಕೆ ಮೂರು ಅಂತಾಯಿತು. ಗಮನಿಸಿ, ನೀವು ಅಂಗಡಿಗೆ ಕೊಟ್ಟ ಲೆಕ್ಕ ಇದಲ್ಲ, ಅಂಗಡಿಯಿಂದ ಹೊರಗೆ ಹೋದ ಲೆಕ್ಕ. ಇದರ ಜೊತೆ, ಎಂಟರಲ್ಲಿ ಎಷ್ಟು ಅಂಗಡಿಯವರು ತಾವಾಗಿಯೇ ಎರಡನೇ ಸಲ ಆರ್ಡರ್ ಕೊಟ್ಟರು ಅಂತ ಬರೆದಿಡಿ. ಅನುಭವಿ ವಿತರಕರು ಮೊದಲು ಕೇಳುವುದು ಈ ಎರಡನ್ನೇ.

ಎರಡನೇ ಹಂತ: ಬೆಲೆಯನ್ನು ಹಿಂದಿನಿಂದ ಲೆಕ್ಕ ಹಾಕಿ

ಬಹಳ ಜನ ತಯಾರಿಕೆಯ ಖರ್ಚಿಗೆ ಒಂದಿಷ್ಟು ಲಾಭ ಸೇರಿಸಿ ಬೆಲೆ ಇಡುತ್ತಾರೆ. ನೇರವಾಗಿ ಮಾರುವಾಗ ಅದು ನಡೆಯುತ್ತದೆ. ನಡುವೆ ಇಬ್ಬರು ಬಂದ ಕೂಡಲೇ ಕುಸಿದುಬೀಳುತ್ತದೆ. ಲೆಕ್ಕ ಗಿರಾಕಿಯ ಕಡೆಯಿಂದ ಶುರುವಾಗಬೇಕು.

ತೆರಿಗೆ ಬಿಟ್ಟು, ಗಿರಾಕಿ ಕೊಡುವುದು 100 ಅಂತ ಇಟ್ಟುಕೊಳ್ಳಿ. ಅಂಗಡಿಯವರು ಮಾರುವ ಬೆಲೆಯ ಮೇಲೆ ಶೇಕಡಾ 40 ಇಟ್ಟುಕೊಂಡರೆ, ಅವರಿಗೆ ಸಾಮಾನು 60ಕ್ಕೆ ಸಿಗಬೇಕು. ವಿತರಕರು ತಮ್ಮ ಮಾರಾಟದ ಬೆಲೆಯಲ್ಲಿ ಶೇಕಡಾ 20 ಇಟ್ಟುಕೊಂಡರೆ, ಅವರು ನಿಮ್ಮಿಂದ 48ಕ್ಕೆ ಕೊಳ್ಳಬೇಕು. ನಿಮ್ಮ ಕೈಗೆ ಬರುವುದು 48. ಇದರಲ್ಲಿ ತಯಾರಿಕೆಗೆ, ಪ್ಯಾಕಿಂಗ್‌ಗೆ 30 ಹೋಯಿತು. ಸಾಗಾಟಕ್ಕೆ 4. ಸ್ಯಾಂಪಲ್‌ಗೆ, ಡ್ಯಾಮೇಜಿಗೆ 3. ಪ್ರಚಾರಕ್ಕೆ 4. ಉಳಿದದ್ದು 7. ನಿಮ್ಮ ದುಡಿಮೆ, ಬಾಡಿಗೆ, ಸಾಲದ ಬಡ್ಡಿ ಎಲ್ಲವೂ ಈ ಏಳರಲ್ಲಿ ನಡೆಯಬೇಕು. ಇಲ್ಲಿ ಹಾಕಿರುವ ಶೇಕಡಾವಾರು ಉದಾಹರಣೆಗೆ ಮಾತ್ರ. ಒಂದೊಂದು ವ್ಯಾಪಾರದ ರೂಢಿ ಒಂದೊಂದು ಥರ. ನಿಮ್ಮ ಬಗೆಯ ಸಾಮಾನಿಗೆ ಏನು ರೂಢಿ ಅಂತ ಮೂರು ಅಂಗಡಿಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. 50ಕ್ಕೆ ಕೊಂಡು 75ಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲೆ ಶೇಕಡಾ 50 ಸೇರಿಸಿದ ಹಾಗಾಯಿತು. ಇದು ಮಾರ್ಕ್‌ಅಪ್. ಮಾರಿದ ಬೆಲೆಯ ಮೇಲೆ ನೋಡಿದರೆ ಸಿಕ್ಕಿದ್ದು ಶೇಕಡಾ 33 ಚಿಲ್ಲರೆ. ಇದು ಮಾರ್ಜಿನ್. ಮಾತುಕತೆಯಲ್ಲಿ ಅವರು ಒಂದನ್ನು ಹೇಳಿ ನೀವು ಇನ್ನೊಂದನ್ನು ಅರ್ಥ ಮಾಡಿಕೊಂಡರೆ, ಪೂರ್ತಿ ವ್ಯವಹಾರದ ಲಾಭವೇ ಆ ವ್ಯತ್ಯಾಸದಲ್ಲಿ ಹೋಗಿಬಿಡುತ್ತದೆ. “ಯಾವ ಬೆಲೆಯ ಮೇಲೆ ಶೇಕಡಾ ಇಷ್ಟು?” ಅಂತ ಕೇಳಲು ಸಂಕೋಚ ಬೇಡ.

ಏನೂ ಉಳಿಯುವುದಿಲ್ಲ ಅಂತ ಲೆಕ್ಕ ಹೇಳಿದರೆ ಮೂರು ದಾರಿ ಇದೆ. ಖರ್ಚು ಇಳಿಸಿ, ಬೆಲೆ ಏರಿಸಿ, ಇಲ್ಲವೇ ವಿತರಕರಿಲ್ಲದ ದಾರಿಯಲ್ಲೇ ಇರಿ. ಮಾರಾಟ ಜಾಸ್ತಿಯಾದ ಮೇಲೆ ಸರಿಹೋಗುತ್ತದೆ ಅಂತ ಧೈರ್ಯ ತಂದುಕೊಳ್ಳಬೇಡಿ. ಪೀಸಿಗೆ ನಷ್ಟವಾಗುತ್ತಿದ್ದರೆ, ಜಾಸ್ತಿ ಮಾರಿದಷ್ಟೂ ನಷ್ಟ ಜಾಸ್ತಿ.

ಮೂರನೇ ಹಂತ: ಯಾವ ದಾರಿ ಅಂತ ತೀರ್ಮಾನಿಸಿ

ನಿಮ್ಮ ಸಾಮಾನನ್ನು ನೋಡಿದ ತಕ್ಷಣ ಏನಕ್ಕೆ ಅಂತ ಗೊತ್ತಾಗುತ್ತದೆಯೇ, ಅಥವಾ ಯಾರಾದರೂ ತೋರಿಸಿಕೊಡಬೇಕೆ? ನನ್ನ ಪ್ರಕಾರ ಮೊದಲ ಪ್ರಶ್ನೆ ಇದು.

ಟಪ್ಪರ್‌ವೇರ್ ಡಬ್ಬಿಗಳು 1946ರಲ್ಲಿ ಮಾರುಕಟ್ಟೆಗೆ ಬಂದವು. ಅಂಗಡಿಗಳಲ್ಲಿ ಅಷ್ಟಾಗಿ ಹೋಗಲಿಲ್ಲ. ಮುಚ್ಚಳವನ್ನು ಒತ್ತಿ, ಒಳಗಿನ ಗಾಳಿ ಹೊರಗೆ ಬಿಟ್ಟು ಮುಚ್ಚುವ ಬಗೆ ಜನರಿಗೆ ಹೊಸದು. ಶೆಲ್ಫಿನ ಮೇಲೆ ಸುಮ್ನೆ ಕೂತ ಡಬ್ಬಿ ಅದನ್ನು ಹೇಗೆ ಹೇಳೀತು? ಬ್ರೌನಿ ವೈಸ್ ಅವರಂಥ ಮಾರಾಟಗಾರರು ಮನೆಗಳಲ್ಲಿ ಹತ್ತಾರು ಜನರನ್ನು ಸೇರಿಸಿ ಅದನ್ನು ಮಾಡಿ ತೋರಿಸತೊಡಗಿದರು. ಮಾರಾಟ ಎಷ್ಟು ಏರಿತೆಂದರೆ, 1951ರಲ್ಲಿ ಆ ಕಂಪನಿ ಕಟ್ಟಿದ ಅರ್ಲ್ ಟಪ್ಪರ್, ಬ್ರೌನಿ ವೈಸ್ ಅವರನ್ನೇ ಕಂಪನಿಗೆ ಸೇರಿಸಿಕೊಂಡು, ಅಂಗಡಿಗಳಿಂದ ಡಬ್ಬಿಗಳನ್ನು ವಾಪಸ್ ತೆಗೆಸಿದರು.

ಹಾಗಾಗಿ ತೋರಿಸಿ ಮಾರಬೇಕಾದ ಸಾಮಾನಾಗಿದ್ದರೆ ಪ್ರದರ್ಶನ, ಮಳಿಗೆ, ಚಿಕ್ಕ ವಿಡಿಯೋ, ಆನ್‌ಲೈನ್, ಮಾತಾಡಿ ಮಾರುವ ಚಿಕ್ಕ ಅಂಗಡಿಗಳು ಒಳ್ಳೆಯವು. ನೋಡಿದ ಕೂಡಲೇ ಅರ್ಥವಾಗುವ, ಬೇಗ ಮುಗಿಯುವ, ಮತ್ತೆ ಮತ್ತೆ ಕೊಳ್ಳುವ ಸಾಮಾನಾಗಿದ್ದರೆ ವಿತರಕರ ಜಾಲ ಸರಿ. ಸಂಸ್ಥೆಗಳು, ಕಾರ್ಖಾನೆಗಳು ಕೊಳ್ಳುವ ಸಾಮಾನಾಗಿದ್ದರೆ ಏಜೆಂಟರು ವಾಸಿ.

ಏಜೆಂಟ್ ಮತ್ತು ಡಿಸ್ಟ್ರಿಬ್ಯೂಟರ್ ಒಂದೇ ಅಂತ ತಿಳಿಯಬೇಡಿ. ಡಿಸ್ಟ್ರಿಬ್ಯೂಟರ್ ನಿಮ್ಮಿಂದ ಸಾಮಾನು ಕೊಳ್ಳುತ್ತಾರೆ. ಅದು ಅವರ ಸ್ವತ್ತು. ಗೋದಾಮು ಅವರದು, ಅಂಗಡಿಗಳಿಗೆ ಉದ್ದರಿ ಕೊಡುವವರು ಅವರು, ಬಾಕಿ ಮುಳುಗಿದರೆ ನಷ್ಟವೂ ಅವರದೇ. ಏಜೆಂಟ್ ಸಾಮಾನು ಕೊಳ್ಳುವುದಿಲ್ಲ. ಆರ್ಡರ್ ತಂದುಕೊಡುತ್ತಾರೆ, ಕಮಿಷನ್ ಪಡೆಯುತ್ತಾರೆ. ಬಿಲ್, ಸಾಗಾಟ, ವಸೂಲಿ ಎಲ್ಲ ನಿಮ್ಮ ತಲೆಯ ಮೇಲೆ. ಕಾನೂನಿನಲ್ಲೂ ವ್ಯತ್ಯಾಸವಿದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 1986ರ ಒಂದು ನಿರ್ದೇಶನದ ಪ್ರಕಾರ, ಒಪ್ಪಂದ ಮುಗಿದಾಗ ಕಮರ್ಷಿಯಲ್ ಏಜೆಂಟರಿಗೆ ಪರಿಹಾರ ಕೇಳುವ ಹಕ್ಕಿದೆ. ಕಾಗದಕ್ಕೆ ಏನೆಂದು ಹೆಸರಿಡುತ್ತೀರಿ ಎನ್ನುವುದರ ಹಿಂದೆ ಹಣ ಇದೆ.

ಆನ್‌ಲೈನ್ ಮಾರುಕಟ್ಟೆ ಬಗ್ಗೆ ಚಿಕ್ಕದಾಗಿ. ಅಮೆಜಾನ್ 2000ದಲ್ಲಿ ಹೊರಗಿನ ಮಾರಾಟಗಾರರಿಗೆ ಜಾಗ ಕೊಟ್ಟಿತು. ಕೈಯಿಂದ ಮಾಡಿದ ವಸ್ತುಗಳಿಗೆಂದೇ ಎಟ್ಸಿ 2005ರಲ್ಲಿ ಬಂತು. ಶುರು ಮಾಡಲು ಸುಲಭ. ಕಮಿಷನ್, ಸಾಗಾಟ, ವಾಪಸ್ ಬಂದ ಸಾಮಾನು, ಜಾಹೀರಾತು ಎಲ್ಲ ಸೇರಿಸಿದರೆ ಕೆಲವೊಮ್ಮೆ ಅಂಗಡಿಯ ಮಾರ್ಜಿನ್‌ಗಿಂತ ಜಾಸ್ತಿಯೇ ಹೋಗುತ್ತದೆ. ಮುಖ್ಯವಾದ ಎಚ್ಚರಿಕೆ ಒಂದಿದೆ: ಅಂಗಡಿಯಲ್ಲಿ 100ಕ್ಕೆ ಇರುವುದನ್ನು ನೀವೇ ಆನ್‌ಲೈನ್‌ನಲ್ಲಿ 80ಕ್ಕೆ ಮಾರಬೇಡಿ. ಗಿರಾಕಿ ಅಂಗಡಿಯಲ್ಲೇ ನಿಂತು ಫೋನ್ ತೆಗೆದು ಬೆಲೆ ತೋರಿಸುತ್ತಾರೆ. ಆಮೇಲೆ ಅಂಗಡಿಯವರು ನಿಮ್ಮ ಸಾಮಾನನ್ನು ಮುಟ್ಟುವುದಿಲ್ಲ. ಆನ್‌ಲೈನ್‌ಗೆ ಬೇರೆ ಸೈಜು ಅಥವಾ ಎರಡರ ಸೆಟ್ ಇಟ್ಟರೆ ಈ ಜಗಳ ತಪ್ಪುತ್ತದೆ.

ನಾಲ್ಕನೇ ಹಂತ: ಅಂಗಡಿಗೆ ಹೋಗಲು ಸಾಮಾನನ್ನು ತಯಾರು ಮಾಡಿ

ನಾನು ಮೊದಲ ಸಲ ಒಂದು ಕಾರ್ಟನ್‌ಗೆ 144 ಬ್ರಶ್ ತುಂಬಿದ್ದೆ. ಸಾಗಾಟಕ್ಕೆ ಅಗ್ಗ ಬೀಳುತ್ತಿತ್ತು. ಚಿಕ್ಕ ಅಂಗಡಿಯವರಿಗೆ ಬೇಕಾಗಿದ್ದು ಹನ್ನೆರಡು. ವಿತರಕರು ಪ್ರತಿ ಸಲ ಕಾರ್ಟನ್ ಬಿಚ್ಚಿ, ಎಣಿಸಿ, ಬೇರೆ ಚೀಲಕ್ಕೆ ಹಾಕಬೇಕಿತ್ತು. ಅಷ್ಟು ರಗಳೆ ಯಾರಿಗೆ ಬೇಕು? ಈಗ ಹನ್ನೆರಡರ ಚಿಕ್ಕ ಡಬ್ಬಿ, ಅಂಥ ನಾಲ್ಕು ಡಬ್ಬಿ ಸೇರಿ 48ರ ಕಾರ್ಟನ್. ಚಿಕ್ಕ ಡಬ್ಬಿಯ ಮುಂಭಾಗ ಹರಿದರೆ ಅದೇ ಕೌಂಟರ್ ಮೇಲಿಡುವ ಟ್ರೇ ಆಗುತ್ತದೆ. ಸೇಲ್ಸ್‌ನವರಿಗೆ “ಒಂದು ಡಬ್ಬಿ ಇಡಲಾ?” ಅಂತ ಕೇಳುವುದು ಸುಲಭವಾಯಿತು.

ಬಾರ್‌ಕೋಡ್ ಇಲ್ಲದಿದ್ದರೆ ಕಂಪ್ಯೂಟರ್ ಬಿಲ್ಲಿಂಗ್ ಇರುವ ದೊಡ್ಡ ಅಂಗಡಿಗಳಲ್ಲಿ ಮಾತೇ ಮುಂದೆ ಹೋಗುವುದಿಲ್ಲ. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಈ ಬಗೆಯ ಕೋಡನ್ನು ಮೊದಲ ಸಲ ಬಿಲ್ಲಿಂಗ್‌ನಲ್ಲಿ ಸ್ಕ್ಯಾನ್ ಮಾಡಿದರು. ಈಗ ಬಾರ್‌ಕೋಡಿನ ಸಂಖ್ಯೆಗಳನ್ನು ನೋಡಿಕೊಳ್ಳುವುದು ಜಿಎಸ್1 ಎಂಬ ಸಂಸ್ಥೆ. ಬಹಳ ದೇಶಗಳಲ್ಲಿ ಅದರ ಶಾಖೆ ಇದೆ. ಅಲ್ಲಿಂದಲೇ ಸಂಖ್ಯೆ ಪಡೆಯಿರಿ. ಯಾರೋ ಅಗ್ಗಕ್ಕೆ ಮಾರುವ ಹಳೆಯ ಸಂಖ್ಯೆ ಕೊಂಡರೆ ಅದು ಇನ್ನೊಬ್ಬರ ಹೆಸರಿನಲ್ಲೇ ಉಳಿದಿರುತ್ತದೆ, ಪರಿಶೀಲಿಸುವ ಕಡೆ ಸಿಕ್ಕಿಬೀಳುತ್ತದೆ. ಪ್ರತಿ ಬಣ್ಣಕ್ಕೆ, ಪ್ರತಿ ಸೈಜಿಗೆ ಬೇರೆ ಸಂಖ್ಯೆ ಬೇಕು. ಕಾರ್ಟನ್‌ಗೂ ಅದರದೇ ಸಂಖ್ಯೆ.

ಲೇಬಲ್ ಕಾನೂನು, ಸುರಕ್ಷತಾ ಪರೀಕ್ಷೆ, ವಿಮೆ ಇವು ಸಾಮಾನಿನ ಮೇಲೆ, ದೇಶದ ಮೇಲೆ ಬದಲಾಗುತ್ತವೆ. ವಿತರಕರ ಎದುರು ಕೂರುವ ಮುಂಚೆ ಮುಗಿಸಿಕೊಳ್ಳಿ.

ಐದನೇ ಹಂತ: ಹುಡುಕುವುದು

ಹೆಸರುಗಳ ದೊಡ್ಡ ಪಟ್ಟಿ ಸಿಗುವುದು ಕಷ್ಟವಲ್ಲ. ಒಳ್ಳೆಯವರ ಪಟ್ಟಿ ಅಂಗಡಿಯವರ ತಲೆಯಲ್ಲಿರುತ್ತದೆ.

ನಿಮ್ಮ ಸಾಮಾನು ಯಾವ ಅಂಗಡಿಯ ಯಾವ ಸಾಲಿನಲ್ಲಿ ಇರಬೇಕೋ ಅಲ್ಲಿ ಹೋಗಿ ನಿಲ್ಲಿ. ಪಕ್ಕದ ಸಾಮಾನುಗಳನ್ನು ತಿರುಗಿಸಿ ಹಿಂದಿನ ಲೇಬಲ್ ಓದಿ. ಮಾರಾಟ ಮಾಡುವವರು, ಆಮದು ಮಾಡಿಕೊಂಡವರು ಅಂತ ಎಷ್ಟೋ ಕಡೆ ಹೆಸರೇ ಇರುತ್ತದೆ. ಬರೆದುಕೊಳ್ಳಿ. ಆಮೇಲೆ ಅಂಗಡಿಯವರಿಗೆ ಬಿಡುವಿದ್ದಾಗ ಕೇಳಿ: “ಇದನ್ನು ಯಾರು ತಂದುಕೊಡುತ್ತಾರೆ? ಹೇಳಿದ ದಿನ ಬರುತ್ತಾರಾ? ಡ್ಯಾಮೇಜ್ ಆದರೆ ಬದಲಾಯಿಸಿಕೊಡುತ್ತಾರಾ?” ಹತ್ತು ಅಂಗಡಿಯಲ್ಲಿ ಈ ಮೂರು ಪ್ರಶ್ನೆ ಕೇಳಿದರೆ ಎರಡು ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಒಳ್ಳೆಯ ಹೆಸರೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ. ಇಷ್ಟು ಒಳ್ಳೆಯ ಮಾಹಿತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಎರಡನೆಯದು, ನಿಮ್ಮ ಪಕ್ಕದಲ್ಲಿ ಕೂರುವ ಆದರೆ ನಿಮಗೆ ಪೈಪೋಟಿಯಲ್ಲದ ಸಾಮಾನು ಮಾಡುವವರನ್ನು ಮಾತಾಡಿಸಿ. ನಾನು ಬಾಟಲಿ ಮಾಡುವವರಿಗೆ ಫೋನ್ ಮಾಡಿದೆ. ಅವರ ಗಿರಾಕಿಯೇ ನನ್ನ ಗಿರಾಕಿ, ಆದರೆ ನಮ್ಮಿಬ್ಬರಿಗೆ ಜಗಳವಿಲ್ಲ. ಚಿಕ್ಕ ವ್ಯಾಪಾರದವರು ಇಂಥ ವಿಷಯದಲ್ಲಿ ಧಾರಾಳವಾಗಿ ಮಾತಾಡುತ್ತಾರೆ. “ನಿಮಗೆ ಸರಿಯಾಗಿ ದುಡ್ಡು ಕೊಡುತ್ತಾರಾ?” ಅಂತ ನೇರವಾಗಿ ಕೇಳಿ.

ಮೂರನೆಯದು ವ್ಯಾಪಾರ ಮೇಳಗಳು. ಚೀನಾದ ಗುವಾಂಗ್‌ಝೌ ಊರಿನ ಕ್ಯಾಂಟನ್ ಮೇಳ 1957ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಆಟಿಕೆಗಳದ್ದು, ಫ್ರಾಂಕ್‌ಫರ್ಟ್‌ನಲ್ಲಿ ಮನೆಬಳಕೆ ವಸ್ತುಗಳದ್ದು ಪ್ರಸಿದ್ಧ. ನಿಮ್ಮ ಬಗೆಯ ಸಾಮಾನಿಗೂ ಹತ್ತಿರದಲ್ಲೇ ಚಿಕ್ಕ ಮೇಳ ಇರಬಹುದು. ಮೊದಲ ವರ್ಷ ಮಳಿಗೆಗೆ ದುಡ್ಡು ಸುರಿಯಬೇಡಿ. ಸುಮ್ನೆ ಓಡಾಡಲು ಹೋಗಿ. ಮಳಿಗೆ ಹಾಕಿದವರ ಪಟ್ಟಿ ಸಾಮಾನ್ಯವಾಗಿ ಮುಂಚೆಯೇ ಸಿಗುತ್ತದೆ, ಅದರಲ್ಲಿ ಯಾರನ್ನು ನೋಡಬೇಕೆಂದು ಗುರುತು ಹಾಕಿಕೊಂಡು ಹೋಗಿ. ಕೊನೆಯ ದಿನ ಮಧ್ಯಾಹ್ನದ ಮೇಲೆ ಮಳಿಗೆಯವರಿಗೆ ಬಿಡುವಿರುತ್ತದೆ, ಮಾತು ಆರಾಮಾಗಿ ನಡೆಯುತ್ತದೆ. ಅಲ್ಲಿ ಸಿಕ್ಕವರಿಗೆ ಒಂದು ವಾರದೊಳಗೆ ಪತ್ರ ಹಾಕಿ. ತಡವಾದರೆ ಮುಖ ನೆನಪಿರುವುದಿಲ್ಲ.

ಇಷ್ಟಾದಾಗ ಹದಿನೈದು ಇಪ್ಪತ್ತು ಹೆಸರು ಇರುತ್ತವೆ. ಅವರನ್ನು ಸೋಸಬೇಕು. ಅವರ ಹತ್ತಿರ ಬೇರೆ ಏನೇನು ಸಾಮಾನು ಇದೆ? ನಿಮ್ಮದಕ್ಕೆ ನೇರ ಪೈಪೋಟಿಯ ಸಾಮಾನಿದ್ದರೆ, ನಿಮ್ಮದನ್ನು ತೆಗೆದುಕೊಂಡು ಮೂಲೆಗಿಡುವುದೂ ಅವರಿಗೆ ಲಾಭವೇ. ಎಷ್ಟು ಜನ ಸೇಲ್ಸ್‌ನವರಿದ್ದಾರೆ, ಒಂದು ಅಂಗಡಿಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತಾರೆ? ನಿಮಗೆ ಬೇಕಾದ ಬಗೆಯ ಅಂಗಡಿಗೇ ಹೋಗುತ್ತಾರಾ? ಎಲ್ಲರಿಗಿಂತ ದೊಡ್ಡವರೇ ಬೇಕು ಅಂತ ಹಟ ಬೇಡ. ಸಾವಿರ ಐಟಂ ಇರುವವರ ಪಟ್ಟಿಯಲ್ಲಿ ನೀವು ಸಾವಿರದ ಒಂದನೆಯವರು. ಅರವತ್ತು ಐಟಂ ಇಟ್ಟುಕೊಂಡು ಬೆಳೆಯುತ್ತಿರುವ ಮಧ್ಯಮ ಗಾತ್ರದವರು ಹೊಸ ಸಾಮಾನಿಗೆ ಜಾಸ್ತಿ ಓಡಾಡುತ್ತಾರೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಆರನೇ ಹಂತ: ಎದುರು ಕೂತು ಮಾತಾಡುವುದು

ಒಂದೇ ಪುಟ ಸಾಕು. ಸಾಮಾನಿನ ಫೋಟೋ, ಯಾರು ಕೊಳ್ಳುತ್ತಾರೆ, ಬೆಲೆಪಟ್ಟಿ, ಕಾರ್ಟನ್‌ನಲ್ಲಿ ಎಷ್ಟು, ಆರ್ಡರ್ ಕೊಟ್ಟ ಎಷ್ಟು ದಿನಕ್ಕೆ ಸಾಮಾನು ಬರುತ್ತದೆ, ಮತ್ತು ನಿಮ್ಮ ಹನ್ನೆರಡು ವಾರದ ಲೆಕ್ಕ. ನಿಮ್ಮ ಕನಸಿನ ಕಥೆ ಅವರಿಗೆ ಬೇಡ. “ಎಂಟು ಅಂಗಡಿಯಲ್ಲಿ ವಾರಕ್ಕೆ ಮೂರರಂತೆ ಹೋಗಿದೆ, ಆರು ಅಂಗಡಿಯವರು ಎರಡನೇ ಸಲ ತೆಗೆದುಕೊಂಡರು, ಅಂಗಡಿಗಳ ಹೆಸರು ಇಲ್ಲಿದೆ, ನೀವೇ ಕೇಳಿ” ಅಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಆ ಎಂಟು ಅಂಗಡಿಗಳನ್ನೂ ಅವರ ಕೈಗೇ ಒಪ್ಪಿಸುತ್ತೇನೆ ಅನ್ನಿ. ಮೊದಲ ದಿನದಿಂದಲೇ ಅವರಿಗೆ ವ್ಯಾಪಾರ ಸಿಕ್ಕಿದ ಹಾಗಾಯಿತು.

ಅವರು ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ಹೋಗದಿದ್ದರೆ ವಾಪಸ್ ತಗೋತೀರಾ? ಎಷ್ಟು ದಿನ ಉದ್ದರಿ? ಪ್ರಚಾರಕ್ಕೆ ನೀವೇನು ಮಾಡುತ್ತೀರಿ? ಒಂದೇ ಸಲಕ್ಕೆ ಹತ್ತು ಪಟ್ಟು ಆರ್ಡರ್ ಬಂದರೆ ಕೊಡುವ ಶಕ್ತಿ ಇದೆಯಾ? ಗೊತ್ತಿಲ್ಲದ್ದಕ್ಕೆ “ಎರಡು ದಿನದಲ್ಲಿ ಹೇಳುತ್ತೇನೆ” ಅಂದು, ಎರಡನೇ ದಿನ ಹೇಳಿ. ಹೊಸಬರನ್ನು ಅವರು ಅಳೆಯುವುದು ಹೀಗೆಯೇ.

ಮೊದಲ ಆರ್ಡರ್ ಚಿಕ್ಕದಾಗಿರಲಿ. ಇಪ್ಪತ್ತು ಅಂಗಡಿಗೆ ಸಾಕಾಗುವಷ್ಟು, ಮೂರು ತಿಂಗಳ ಪ್ರಯೋಗ. ದೊಡ್ಡ ಮೊದಲ ಆರ್ಡರ್‌ನ ಖುಷಿ ಏನು ಅಂತ ಆ ಗೋದಾಮಿನ ಗೋಡೆಯ ಪಕ್ಕ ನಾನು ನೋಡಿದ್ದೇನೆ.

ಏಳನೇ ಹಂತ: ಕಾಗದದ ಮೇಲೆ ಬರಲಿ

ನಂಬಿಕೆ ಇದ್ದರೂ ಬರೆದುಕೊಳ್ಳಿ. ಇಬ್ಬರಿಗೂ ಒಳ್ಳೆಯದು. ಒಬ್ಬ ವಕೀಲರಿಗೆ ತೋರಿಸುವ ಖರ್ಚು ಆಮೇಲಿನ ಜಗಳದ ಖರ್ಚಿಗಿಂತ ಬಹಳ ಕಡಿಮೆ.

“ಈ ಪ್ರದೇಶಕ್ಕೆ ನಮಗೆ ಮಾತ್ರ ಕೊಡಿ” ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ, ಅವರೂ ಶ್ರಮ ಹಾಕುತ್ತಾರೆ. ಆದರೆ ಏಕಹಕ್ಕನ್ನು ಸುಮ್ನೆ ಕೊಡಬೇಡಿ. ಮೂರು ತಿಂಗಳಿಗೆ ಕನಿಷ್ಠ ಇಷ್ಟು ಕೊಳ್ಳಬೇಕು, ಕೊಳ್ಳದಿದ್ದರೆ ಏಕಹಕ್ಕು ತಾನಾಗಿಯೇ ಹೋಗುತ್ತದೆ ಅಂತ ಬರೆಯಿರಿ. ಪ್ರದೇಶ ಚಿಕ್ಕದಾಗಿರಲಿ. ಅವಧಿ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಆನ್‌ಲೈನ್ ಮಾರಾಟ ಯಾರದ್ದು ಅಂತ ಬೇರೆಯಾಗಿ ನಮೂದಿಸಿ. ಇದನ್ನು ಮರೆತು ಆಮೇಲೆ ಪರದಾಡುವವರು ಬಹಳ.

ಹಣ ಎಷ್ಟು ದಿನಕ್ಕೆ, ಸಾಗಾಟದಲ್ಲಿ ಒಡೆದರೆ ಯಾರ ಲೆಕ್ಕಕ್ಕೆ, ಮಾರಾಟವಾಗದೆ ಉಳಿದದ್ದು ಎಷ್ಟರ ಮಟ್ಟಿಗೆ ವಾಪಸ್, ಒಪ್ಪಂದ ಮುಗಿದಾಗ ಗೋದಾಮಿನಲ್ಲಿರುವ ಸಾಮಾನಿನ ಗತಿ ಏನು, ಇವೆಲ್ಲ ಇರಲಿ. ಹೋದಷ್ಟಕ್ಕೆ ಮಾತ್ರ ದುಡ್ಡು ಅನ್ನುವ ಕರಾರಾದರೆ, ಮಾರಾಟವಾಗುವವರೆಗೂ ಸಾಮಾನು ನಿಮ್ಮದೇ ಅಂತ ಸ್ಪಷ್ಟವಾಗಿ ಬರೆಸಿ, ತಿಂಗಳಿಗೊಮ್ಮೆ ಎಣಿಸುವ ಹಕ್ಕು ಇಟ್ಟುಕೊಳ್ಳಿ.

ಬ್ರ್ಯಾಂಡ್ ಹೆಸರನ್ನು ನಿಮ್ಮ ಹೆಸರಿನಲ್ಲೇ ನೋಂದಾಯಿಸಿ, ಅದೂ ಮಾತುಕತೆಗೆ ಮುಂಚೆ. ಎಷ್ಟೋ ದೇಶಗಳಲ್ಲಿ ಟ್ರೇಡ್‌ಮಾರ್ಕ್ ಮೊದಲು ಅರ್ಜಿ ಹಾಕಿದವರದ್ದು. ವಿತರಕರು ಅವರ ಹೆಸರಿನಲ್ಲಿ ಹಾಕಿಬಿಟ್ಟರೆ, ನಿಮ್ಮ ಸಾಮಾನನ್ನೇ ನೀವು ಅಲ್ಲಿ ಮಾರಲು ಆಗದ ಸ್ಥಿತಿ ಬರಬಹುದು. ಬೇರೆ ಬೇರೆ ದೇಶಗಳಿಗೆ ಒಂದೇ ಅರ್ಜಿಯಲ್ಲಿ ಕೇಳಲು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮ್ಯಾಡ್ರಿಡ್ ವ್ಯವಸ್ಥೆ ಇದೆ.

ಹೊರದೇಶಕ್ಕೆ ಕಳಿಸುವುದಾದರೆ ಬೆಲೆಯ ಪಕ್ಕದಲ್ಲಿ ಇನ್‌ಕೋಟರ್ಮ್ಸ್ ಪದವೂ ಇರಬೇಕು. ಸಾಗಾಟದ ಖರ್ಚು, ಜವಾಬ್ದಾರಿ ಎಲ್ಲಿಯವರೆಗೆ ಯಾರದ್ದು ಅಂತ ಹೇಳುವ, ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಿಂದ ಪ್ರಕಟಿಸುತ್ತಿರುವ ನಿಯಮಗಳಿವು. 2020ರ ಆವೃತ್ತಿಯಲ್ಲಿ ಹನ್ನೊಂದು ಇವೆ. ಇಎಕ್ಸ್‌ಡಬ್ಲ್ಯು ಅಂದರೆ ಕೊಂಡವರು ನಿಮ್ಮ ಬಾಗಿಲಿಗೆ ಬಂದು ಒಯ್ಯುತ್ತಾರೆ. ಡಿಡಿಪಿ ಅಂದರೆ ಆಮದು ಸುಂಕವನ್ನೂ ಕಟ್ಟಿ ಅವರ ಬಾಗಿಲಿಗೆ ಮುಟ್ಟಿಸುವುದು ನಿಮ್ಮ ಜವಾಬ್ದಾರಿ. ಒಂದೇ ಬೆಲೆಗೆ ಈ ಎರಡರ ನಡುವೆ ಲಾಭ ನಷ್ಟದ ಅಂತರವಿದೆ.

ಎಂಟನೇ ಹಂತ: ಹಣ ಬರುವ ದಿನ ಎಣಿಸಿ

ಕ್ಯಾಲೆಂಡರ್ ತೆಗೆದುಕೊಳ್ಳಿ. ಇವತ್ತು ಕಚ್ಚಾವಸ್ತುವಿಗೆ ದುಡ್ಡು ಕೊಟ್ಟಿರಿ. ಮೂವತ್ತನೇ ದಿನ ಸಾಮಾನು ತಯಾರಾಯಿತು. ನಲವತ್ತನೇ ದಿನ ವಿತರಕರಿಗೆ ತಲುಪಿತು. ಅರವತ್ತು ದಿನ ಉದ್ದರಿ. ಹಣ ಬರುವುದು ನೂರನೇ ದಿನ, ಅದೂ ಅವರು ಸರಿಯಾಗಿ ಕೊಟ್ಟರೆ. ಸಾಮಾನು ಚೆನ್ನಾಗಿ ಹೋಗಿ ಎಪ್ಪತ್ತನೇ ದಿನ ಎರಡನೇ ಆರ್ಡರ್ ಬಂತು ಅನ್ನಿ. ಎರಡನೇ ಸಲದ ಕಚ್ಚಾವಸ್ತುವಿಗೆ ದುಡ್ಡು ಎಲ್ಲಿಂದ? ಸಾಮಾನು ಹೋಗುತ್ತಿದ್ದರೂ ಮುಚ್ಚಿಹೋಗುವ ಚಿಕ್ಕ ವ್ಯಾಪಾರಗಳು ಎಡವುವುದು ಇಲ್ಲಿ. ಮೊದಲ ಆರ್ಡರ್‌ಗೆ ಅರ್ಧ ಮುಂಗಡ ಕೇಳಿ. ಬೇಗ ಕೊಟ್ಟರೆ ಶೇಕಡಾ ಎರಡು ರಿಯಾಯಿತಿ ಅನ್ನಿ. ಉದ್ದರಿಯನ್ನು ಒಂದು ಮಿತಿಗೆ ಕಟ್ಟಿ, ಹಳೆಯ ಬಾಕಿ ಬರದೆ ಹೊಸ ಸಾಮಾನು ಹೊರಡದಿರಲಿ.

ದೊಡ್ಡ ಸರಣಿ ಅಂಗಡಿಗಳಿಂದ ಕರೆ ಬಂದಾಗಲೂ ಇದೇ ಲೆಕ್ಕ ಹಾಕಿ. ಶೆಲ್ಫಿನಲ್ಲಿ ಜಾಗಕ್ಕೆ ಹಣ ಕೇಳುವುದು, ತಡವಾದರೆ ದಂಡ, ಮಾರಾಟವಾಗದ್ದು ವಾಪಸ್, ಇವು ಆ ವ್ಯಾಪಾರದಲ್ಲಿ ಸಾಮಾನ್ಯ. ಒಬ್ಬರೇ ಗಿರಾಕಿ ನಿಮ್ಮ ವ್ಯಾಪಾರದ ಅರ್ಧಕ್ಕಿಂತ ಜಾಸ್ತಿ ಆದರೆ ನಿದ್ದೆ ಬರುವುದಿಲ್ಲ. ಮೊದಲ ವರ್ಷ ಬೇಡ ಅನ್ನುವುದೂ ಒಂದು ಉತ್ತರವೇ.

ಒಂಬತ್ತನೇ ಹಂತ: ಸಾಮಾನು ಹೋದ ಮೇಲೆ

ನಿಜವಾದ ಕೆಲಸ ಇಲ್ಲಿಂದ ಶುರು. ವಿತರಕರ ಸೇಲ್ಸ್‌ನವರ ಜೊತೆ ಒಂದು ದಿನ ಪೂರ್ತಿ ಗಾಡಿಯಲ್ಲಿ ಹೋಗಿ. ಒಂದು ಅಂಗಡಿಯಲ್ಲಿ ಅವರಿಗೆ ಸಿಗುವುದು ಹತ್ತು ನಿಮಿಷ, ಅದರಲ್ಲಿ ನಿಮ್ಮ ಸಾಮಾನಿಗೆ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಹೇಳಲು ಒಂದು ಮಾತು, ಮಾಡಿ ತೋರಿಸಲು ಒಂದು ಕೆಲಸ ಕೊಡಿ. ನಮ್ಮ ಸೇಲ್ಸ್‌ನವರು ಜೇಬಿನಿಂದ ಬ್ರಶ್ ತೆಗೆದು ಬಾಗಿಸಿ ಬಿಡುತ್ತಾರೆ, ಅದು ಟಪ್ಪನೆ ನೇರ ನಿಲ್ಲುತ್ತದೆ. ಆಮೇಲೆ ಮಾತೇ ಬೇಕಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಬ್ರಶ್ ಮನೆಗೆ ಕೊಟ್ಟೆ. ತಾವೇ ಬಳಸಿದ್ದನ್ನು ಜನ ಬೇರೆ ಥರ ಮಾರುತ್ತಾರೆ.

ತಿಂಗಳಿಗೊಮ್ಮೆ ಎರಡು ಅಂಕಿ ಕೇಳಿ: ಗೋದಾಮಿನಲ್ಲಿ ಎಷ್ಟು ಉಳಿದಿದೆ, ಎಷ್ಟು ಅಂಗಡಿಗೆ ಹೋಗಿದೆ. ನೀವೂ ತಿಂಗಳಿಗೆ ಐದು ಅಂಗಡಿಗೆ ಹೋಗಿ ಶೆಲ್ಫು ನೋಡಿ. ಧೂಳು ಕೂತಿದ್ದರೆ ಒರೆಸಿ, ಹಿಂದಕ್ಕೆ ಸರಿದಿದ್ದರೆ ಮುಂದಕ್ಕೆ ತನ್ನಿ, ಖಾಲಿಯಾಗಿದ್ದರೆ ಅಲ್ಲಿಂದಲೇ ವಿತರಕರಿಗೆ ಫೋನ್ ಮಾಡಿ ಆರ್ಡರ್ ಹೇಳಿ. ಅವರಿಗೆ ವ್ಯಾಪಾರ ತಂದುಕೊಟ್ಟ ಹಾಗಾಗುತ್ತದೆ, ದೂರು ಹೇಳಿದ ಹಾಗಾಗುವುದಿಲ್ಲ.

ಆರು ವಾರವಾದರೂ ಮತ್ತೆ ಆರ್ಡರ್ ಬರದಿದ್ದರೆ ಕಾಯಬೇಡಿ. ಸಾಮಾನು ಗೋದಾಮಿನಲ್ಲೇ ಇದೆಯಾ, ಅಂಗಡಿಗೆ ಹೋಗಿ ನಿಂತಿದೆಯಾ ಅಂತ ಮೊದಲು ತಿಳಿದುಕೊಳ್ಳಿ. ಗೋದಾಮಿನಲ್ಲೇ ಇದ್ದರೆ ಸೇಲ್ಸ್‌ನವರ ಜೊತೆ ಇನ್ನೊಂದು ದಿನ ಹೋಗಿ. ಅಂಗಡಿಯಲ್ಲಿ ನಿಂತಿದ್ದರೆ ತೊಂದರೆ ಪ್ಯಾಕಿಂಗ್‌ನಲ್ಲೋ, ಬೆಲೆಯಲ್ಲೋ, ಇಟ್ಟ ಜಾಗದಲ್ಲೋ ಇರುತ್ತದೆ, ಮತ್ತೆ ಕೌಂಟರ್ ಪಕ್ಕ ಒಂದು ಗಂಟೆ ನಿಲ್ಲಬೇಕು.

ಎಷ್ಟು ಮಾಡಿದರೂ ಆಗದಿದ್ದರೆ ಬಿಡಬೇಕಾಗುತ್ತದೆ. ಮನಸ್ಸು ಕೆಡಿಸಿಕೊಳ್ಳದೆ, ಒಪ್ಪಂದದಲ್ಲಿ ಬರೆದ ಹಾಗೆ ಉಳಿದ ಸಾಮಾನನ್ನು ವಾಪಸ್ ತನ್ನಿ. ಇಲ್ಲದಿದ್ದರೆ ಅದನ್ನು ಸಿಕ್ಕ ಬೆಲೆಗೆ ಮಾರಿ ಖಾಲಿ ಮಾಡುತ್ತಾರೆ, ಮುಂದಿನ ವಿತರಕರಿಗೆ ಆ ಬೆಲೆಯೇ ಅಡ್ಡ ಬರುತ್ತದೆ. ನಾನು ಆ ಒಂಬತ್ತು ಕಾರ್ಟನ್ ವಾಪಸ್ ತಂದೆ. 144ರ ಪೆಟ್ಟಿಗೆ ಬಿಚ್ಚಿ, ಕವರ್ ಕತ್ತರಿಸಿ, ಹನ್ನೆರಡರ ಡಬ್ಬಿಗೆ ತುಂಬಲು ಇಬ್ಬರಿಗೆ ನಾಲ್ಕು ದಿನ ಹಿಡಿಯಿತು. ಮುಂದಿನ ಎಂಟು ಅಂಗಡಿಗೆ ಹೋಗಿದ್ದು ಅವೇ ಬ್ರಶ್‌ಗಳು.